ರೋಮ್‌ನಲ್ಲಿ ಹಿಮ ಬಿದ್ದ ದಿನ

2018ರ ಫೆಬ್ರುವರಿ 26. ಆರು ವರ್ಷಗಳ ನಂತರ ರೋಮ್ ನಗರ ಹಿಮ ಹೊದ್ದು ಎದ್ದಿತು. ಶಾಲೆಗಳಿಗೆ ರಜೆ, ರೈಲುಗಳು ತಡ, ಹಿಮ ತೆಗೆಯಲು ಸೈನ್ಯದ ನೆರವು. ಸೇಂಟ್ ಪೀಟರ್ಸ್ ಚೌಕದಲ್ಲಿ ಮಾತ್ರ ನಿಲುವಂಗಿ ತೊಟ್ಟ ಯುವ ಪಾದ್ರಿಗಳು ಹಿಮದುಂಡೆ ಎಸೆದಾಡುತ್ತಿದ್ದರು!

ಅಷ್ಟು ಹಿಮಕ್ಕೇ ಮಹಾನಗರ ಕಂಗಾಲಾದದ್ದೇಕೆ? ರೋಮ್‌ನ ಪಶ್ಚಿಮಕ್ಕೆ ಬೆಚ್ಚನೆಯ ಸಮುದ್ರವಿದೆ. ಪೂರ್ವಕ್ಕೆ ಶೀತಗಾಳಿಯನ್ನು ತಡೆಯುವ ಅಪೆನೈನ್ ಪರ್ವತಗಳು. ಹೀಗಾಗಿ ಅಲ್ಲಿ ಹಿಮ ಅಪರೂಪ, ಅದನ್ನು ಎದುರಿಸುವ ಸಿದ್ಧತೆಯೂ ಕಡಿಮೆ. ಆ ಸಲ ಸೈಬೀರಿಯದ ಕಡೆಯ ಗಾಳಿ ಈ ತಡೆಯನ್ನೂ ದಾಟಿ ಬಂದಿತ್ತು.

ಅಪರೂಪವಾದದ್ದು ಪವಾಡವಾಗುವುದು ಸಹಜ. 4ನೆಯ ಶತಮಾನದ ಒಂದು ಆಗಸ್ಟ್ ರಾತ್ರಿ, ಕಡುಬೇಸಿಗೆಯಲ್ಲಿ ಎಸ್ಕ್ವಿಲೀನ್ ಗುಡ್ಡದ ಮೇಲೆ ಹಿಮ ಸುರಿದು ಮೇರಿಮಾತೆಯ ಚರ್ಚಿಗೆ ಜಾಗ ತೋರಿಸಿತೆಂದು ಐತಿಹ್ಯ. ಅಲ್ಲಿರುವ ಸಾಂತಾ ಮಾರಿಯಾ ಮಜ್ಜೋರೆ ಚರ್ಚಿನ ಚಾವಣಿಯಿಂದ ಇಂದಿಗೂ ಪ್ರತಿ ಆಗಸ್ಟ್ 5ರಂದು ಹಿಮದ ನೆನಪಿಗೆ ಬಿಳಿ ಎಸಳುಗಳನ್ನು ಸುರಿಸುತ್ತಾರೆ.

ಧರ್ಮಶಾಸ್ತ್ರ ಓದಲು ರೋಮ್‌ಗೆ ಬರುವವರಲ್ಲಿ ಹಿಮವನ್ನೇ ಕಾಣದ ದೇಶಗಳ ವಿದ್ಯಾರ್ಥಿಗಳೂ ಇರುತ್ತಾರೆ. ಪರದೇಶದಲ್ಲಿ ಓದುವವನಿಗೆ ಊರೆಲ್ಲ ಬಲ್ಲವರು, ತಾನೊಬ್ಬನೇ ಅರಿಯದವನು ಎಂಬ ಅಳುಕು ನಿತ್ಯದ್ದು. ಹಿಮ ಬಿದ್ದ ದಿನ ಅಲ್ಲೇ ಹುಟ್ಟಿ ಬೆಳೆದವರೂ ತಡವರಿಸಿ ಹೆಜ್ಜೆ ಇಡುತ್ತಾರೆ. ಅಂದು ಊರಿಗೆ ಎಲ್ಲರೂ ಹೊಸಬರೇ.