ಉಪ್ಪಾಗೆ ಹುಳಿಯೂ ಕೊಲೆಸ್ಟ್ರಾಲಿನ ಹೊರದಾರಿಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಮಳೆಗಾಲವೆಂದರೆ ಉಪ್ಪಾಗೆ ಎಂಬ ಹುಳಿಹಣ್ಣಿನ ಕಾಲ. ಬಿಸಿಲಿಲ್ಲದ ದಿನಗಳಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಬೇಕು. ಈ ಸಿಪ್ಪೆಯ ಹುಳಿ ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಮುಂದೆ ಅದು ತೂಕ ಇಳಿಸುವ ಮಾತ್ರೆಯಾಗಿ ಹೊರದೇಶಗಳಲ್ಲಿ ಮಾರಾಟವಾಯಿತು. ಕೊಲೆಸ್ಟ್ರಾಲನ್ನೂ ಕರಗಿಸುತ್ತದೆಂಬ ನಂಬಿಕೆ ಅದರ ಜೊತೆಗೇ ಹಬ್ಬಿತು.

ಆದರೆ ಕೊಲೆಸ್ಟ್ರಾಲ್ ಸುಲಭವಾಗಿ ಕರಗುವ ವಸ್ತುವಲ್ಲ. ಸಕ್ಕರೆಯನ್ನು ಉರಿಸಿ ನೀರು, ಇಂಗಾಲದ ಡೈಆಕ್ಸೈಡ್ ಮಾಡಬಲ್ಲ ನಮ್ಮ ಜೀವಕೋಶಕ್ಕೆ ಕೊಲೆಸ್ಟ್ರಾಲಿನ ನಾಲ್ಕು ಉಂಗುರಗಳ ಚೌಕಟ್ಟನ್ನು ಒಡೆಯಲು ಬರುವುದಿಲ್ಲ. ಹೆಚ್ಚಾದರೆ ಅದು ಕೋಶಕ್ಕೇ ವಿಷ. ಸ್ವಲ್ಪವನ್ನು ಎಸ್ಟರ್ ಮಾಡಿ ಹನಿಗಳಾಗಿ ಕೂಡಿಡಬಹುದು. ಉಳಿದದ್ದನ್ನು ಹೊರಗೆ ಸಾಗಿಸಲೇಬೇಕು.

ಹೆಚ್ಚಾಗಿದೆಯೆಂದು ಕೋಶಕ್ಕೆ ತಿಳಿಯುವ ಬಗೆ ನನಗೆ ಬಹಳ ಚೆಂದವಾಗಿ ಕಾಣುತ್ತದೆ. ಹೆಚ್ಚುವರಿ ಕೊಲೆಸ್ಟ್ರಾಲಿನ ಒಂದಂಶ ಆಕ್ಸಿಸ್ಟೆರಾಲ್ ಎಂಬ ರೂಪಕ್ಕೆ ಬದಲಾಗುತ್ತದೆ. ಅದು ಕೋಶಕೇಂದ್ರದ ಎಲ್‌ಎಕ್ಸ್‌ಆರ್ ಎಂಬ ಪ್ರೋಟೀನಿಗೆ ಅಂಟಿಕೊಂಡೊಡನೆ ಎಬಿಸಿಎ1 ಜೀನ್ ಚುರುಕಾಗುತ್ತದೆ. ಆ ಜೀನಿನಿಂದ ತಯಾರಾದ ಪ್ರೋಟೀನು ಕೋಶಪೊರೆಯಲ್ಲಿ ನಿಂತು, ಎಟಿಪಿಯ ಶಕ್ತಿ ಬಳಸಿ, ಕೊಲೆಸ್ಟ್ರಾಲನ್ನು ರಕ್ತದಲ್ಲಿರುವ ಎಪೊಎ-1 ಎಂಬ ಪ್ರೋಟೀನಿಗೆ ದಾಟಿಸುತ್ತದೆ. ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಚ್‌ಡಿಎಲ್ ಕಣ ಹುಟ್ಟುವುದು ಹೀಗೆ. ಕೊಲೆಸ್ಟ್ರಾಲ್ ಕಡಿಮೆಯಾದಾಗ ಎಸ್‌ಆರ್‌ಇಬಿಪಿ-2 ಎಂಬ ಇನ್ನೊಂದು ಪ್ರೋಟೀನು ತಯಾರಿಕೆಯನ್ನು ಹೆಚ್ಚಿಸುತ್ತದೆ. 2010ರಲ್ಲಿ ಗೊತ್ತಾದ ಸಂಗತಿಯೆಂದರೆ, ಇದರ ಜೀನಿನ ಒಳಗೇ ಎಂಐಆರ್-33 ಎಂಬ ಪುಟ್ಟ ಆರ್‌ಎನ್‌ಎ ಅಡಗಿದೆ. ಅದು ಎಬಿಸಿಎ1ನ್ನು ತಡೆಯುತ್ತದೆ. ಕೊರತೆಯಿದ್ದಾಗ ತಯಾರಿಕೆ ಏರುವುದೂ ಹೊರದಾರಿ ಕಿರಿದಾಗುವುದೂ ಒಟ್ಟಿಗೇ ನಡೆಯುತ್ತವೆ.

ಆ ದಾರಿ ಹುಟ್ಟಿನಿಂದಲೇ ಮುಚ್ಚಿದ್ದರೆ? ಅಮೆರಿಕದ ವರ್ಜೀನಿಯಾಕ್ಕೆ ಸೇರಿದ ಟ್ಯಾಂಜಿಯರ್ ದ್ವೀಪದ ಮಕ್ಕಳಲ್ಲಿ 1960ರ ಆಸುಪಾಸಿನಲ್ಲಿ ಗುರುತಿಸಿದ ಕಾಯಿಲೆಯಲ್ಲಿ ಗಂಟಲಿನ ಟಾನ್ಸಿಲ್‌ಗಳು ಕೊಲೆಸ್ಟ್ರಾಲ್ ತುಂಬಿ ಕಿತ್ತಳೆ ಬಣ್ಣವಾಗಿದ್ದವು. ರಕ್ತದಲ್ಲಿ ಎಚ್‌ಡಿಎಲ್ ಇಲ್ಲವೆನ್ನುವಷ್ಟು ಕಡಿಮೆ. ಎಬಿಸಿಎ1 ಜೀನಿನ ದೋಷವೇ ಕಾರಣವೆಂದು ತಿಳಿದದ್ದು 1999ರಲ್ಲಿ.

ಎಚ್‌ಡಿಎಲ್ ತಂದ ಸರಕನ್ನು ಯಕೃತ್ತು ಹಾಗೆಯೇ ಅಥವಾ ಪಿತ್ತಾಮ್ಲವಾಗಿ ಬದಲಿಸಿ ಪಿತ್ತರಸದ ಮೂಲಕ ಕರುಳಿಗೆ ಬಿಡುತ್ತದೆ. ಪಿತ್ತಾಮ್ಲದ ಬಹುಪಾಲನ್ನು ಕರುಳು ಮತ್ತೆ ಹೀರಿಕೊಳ್ಳುವುದರಿಂದ ದೇಹದಿಂದ ನಿಜಕ್ಕೂ ಹೊರಬೀಳುವುದು ಸ್ವಲ್ಪವೇ.

ಇನ್ನು ಉಪ್ಪಾಗೆ. ಅದರ ಆಮ್ಲ ತಡೆಯುವುದು ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು; ಕೊಬ್ಬು, ಕೊಲೆಸ್ಟ್ರಾಲುಗಳ ತಯಾರಿಕೆಗೆ ಬೇಕಾದ ಕಚ್ಚಾವಸ್ತು ಒದಗಿಸುವ ಕಿಣ್ವ ಅದು. ಅಡಿಕೆ ತೋಟಕ್ಕೆ ಬರುವ ನೀರನ್ನು ಮೇಲ್ಗಡೆ ಕಟ್ಟಿದಂತೆ ಇದು. ತೋಟದಲ್ಲಿ ನಿಂತ ನೀರು ಇಳಿಯಲು ಬಸಿಗಾಲುವೆಯೇ ಬೇಕು. ಮೇಲ್ಗಡೆಯ ಕಟ್ಟೂ ಮನುಷ್ಯರಲ್ಲಿ ಗಟ್ಟಿಯಾಗಿ ನಿಂತಿಲ್ಲ: 135 ಜನರ ಮೇಲೆ 12 ವಾರ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಸಿಮಾತ್ರೆ ತಿಂದವರಿಗಿಂತ ಈ ಆಮ್ಲ ತಿಂದವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಇಂಥ ಮಾತ್ರೆ ನುಂಗಿದ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಸಾರಿಗೆ ಹಾಕುವ ಹುಳಿಯ ಮಾತು ಬೇರೆ. ಅದೇ ಕಿಣ್ವವನ್ನು ಯಕೃತ್ತಿನಲ್ಲಿ ತಡೆಯುವ ಬೆಂಪೆಡೋಯಿಕ್ ಆಮ್ಲವೆಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರಕ್ತದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಸುವುದರಲ್ಲಿ ಅದು ಗೆದ್ದಿದೆ.

ಹೊರದಾರಿಯನ್ನು ಅಗಲಿಸುವ ಔಷಧಿ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಎಚ್‌ಡಿಎಲ್ ಅಂಕಿಯನ್ನು ಏರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧಿ ತೆಗೆದುಕೊಂಡವರಲ್ಲಿ ಸಾವು ಹೆಚ್ಚಾಗಿ 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಹಾಗಾಗಿ ಈಗ ಸಂಶೋಧಕರು ಎಚ್‌ಡಿಎಲ್ ಎಷ್ಟಿದೆ ಎಂಬುದರ ಜೊತೆಗೆ, ಅದು ಕೋಶಗಳಿಂದ ಎಷ್ಟು ಕೊಲೆಸ್ಟ್ರಾಲ್ ಎತ್ತಿಕೊಳ್ಳುತ್ತದೆ ಎಂಬುದನ್ನೂ ಅಳೆಯುತ್ತಿದ್ದಾರೆ.