ಬಚ್ಚಲಿನಿಂದ ಸಂಗಮದವರೆಗೆ

ಗಿರಣಿಯಲ್ಲಿ ಅಕ್ಕಿ ಮಾಡಿಸಿದ ಮೇಲೆ ಉಳಿಯುವ ಭತ್ತದ ಹೊಟ್ಟಿಗೆ ಹೆಚ್ಚು ಬೆಲೆಯೇನೂ ಇಲ್ಲ. ಆದರೆ ನಂಜನಗೂಡಿನ ಹೆಸರನ್ನು ನಾಡಿನ ಮನೆಮನೆಯ ಬಚ್ಚಲಿಗೆ ಮುಟ್ಟಿಸಿದ್ದು ಆ ಹೊಟ್ಟೇ. ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ಇಲ್ಲಿ ಸದ್ವೈದ್ಯಶಾಲೆ ತೆರೆದರು. ಅಲ್ಲಿಂದ ಹೊರಬಂದ ‘ನಂಜನಗೂಡು ಹಲ್ಲುಪುಡಿ’ಯ ಮೂಲವಸ್ತು ಸುಟ್ಟ ಭತ್ತದ ಹೊಟ್ಟು. ನಾಲೆ ನೀರು ಹರಿಯುವ ಟಿ. ನರಸೀಪುರ, ಬನ್ನೂರು ಬಯಲಿನ ಪಕ್ಕದ ಊರಿನಲ್ಲಿ ಹೊಟ್ಟಿಗೇನು ಬರ? ಹೊಟ್ಟಿನ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾ. ಇವತ್ತಿನ ಪೇಸ್ಟಿನ ಟ್ಯೂಬು ತಿರುಗಿಸಿ ನೋಡಿದರೆ ‘ಹೈಡ್ರೇಟೆಡ್ ಸಿಲಿಕಾ’ ಎಂದು ಬರೆದಿರುವುದು ಕಾಣುತ್ತದೆ. ಅದೂ ಇದೂ ಒಂದೇ ಕುಲದ ವಸ್ತುಗಳು. ಹಲ್ಲಿಗೆ ಅಂಟಿದ ಕೊಳೆಯನ್ನು ಉಜ್ಜಿ ತೆಗೆಯುವುದೇ ಎರಡರ ಕೆಲಸ.

ಆ ಪುಡಿಯಲ್ಲಿ ಏನಿದೆ ಎಂದು ಕೇಳಿದರೆ ಮನೆಯ ಅಜ್ಜಿ ಉತ್ತರ ಹೇಳುತ್ತಿದ್ದರು. ಈಗ ನಮ್ಮ ಬಚ್ಚಲಿನ ಗೂಡಿನಲ್ಲಿ ಸಾಲಾಗಿ ನಿಂತಿರುವ ಬಾಟಲಿಗಳ ಬಗ್ಗೆ ಹಾಗೆ ಹೇಳಬಲ್ಲವರು ಯಾರಿದ್ದಾರೆ? ನೆಲಕ್ಕೊಂದು, ಟೈಲ್ಸಿಗೊಂದು, ಕಮೋಡಿಗೊಂದು, ಗಾಜಿಗೊಂದು, ಸಿಂಕಿಗೊಂದು. ಎಲ್ಲದಕ್ಕೂ ನಿಂಬೆ ಇಲ್ಲವೇ ಮಲ್ಲಿಗೆಯ ಚಿತ್ರ. ಒಳಗಿರುವುದರ ಗೊತ್ತು ನಮಗಿಲ್ಲ.

ಹಾಗೆಂದು ಹಳೆಯದೆಲ್ಲ ಸುರಕ್ಷಿತ ಎನ್ನುವಂತೆಯೂ ಇಲ್ಲ. ಹಲ್ಲುಪುಡಿ, ಪೇಸ್ಟುಗಳಿಗೆ ತಂಬಾಕು ಬೆರೆಸಿ ಮಾರುವ ಕಾಲವೊಂದಿತ್ತು. ಕೇಂದ್ರ ಸರ್ಕಾರ 1992ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಯಾವುದೇ ದೊರಗು ಪುಡಿಯನ್ನು ಒತ್ತಿ ಒತ್ತಿ ಉಜ್ಜಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ. ಮಗುವಿನ ಹಲ್ಲು ಹುಳುಕಾಗುತ್ತಿದೆ, ಫ್ಲೋರೈಡ್ ಇರುವ ಪೇಸ್ಟ್ ಬಳಸಿ ಎಂದು ದಂತವೈದ್ಯರು ಹೇಳಿದರೆ ‘ಕೆಮಿಕಲ್’ ಎಂದು ಹೆದರಿ ಬಿಡುವುದು ತಪ್ಪು. ಅಡುಗೆಯ ಉಪ್ಪೂ ರಾಸಾಯನಿಕವೇ. ಕೇಳಿಕೊಳ್ಳಬೇಕಾದದ್ದು ಬೇರೆ: ಇದು ಯಾವ ವಸ್ತು, ಎಷ್ಟಿದೆ, ಯಾರ ಮೈಗೆ ತಾಗುತ್ತದೆ, ತೊಳೆದ ಮೇಲೆ ಎಲ್ಲಿಗೆ ಹೋಗುತ್ತದೆ.

ಕೊನೆಯ ಪ್ರಶ್ನೆ ನಂಜನಗೂಡು, ಟಿ. ನರಸೀಪುರಗಳಿಗೆ ಮಿಕ್ಕವಕ್ಕಿಂತ ಹತ್ತಿರದ್ದು. ನಂಜನಗೂಡನ್ನು ದಾಟಿದ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಸ್ಫಟಿಕ ಸರೋವರವೂ ಅಲ್ಲಿ ಕೂಡುತ್ತದೆಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮ; 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಮೇಲಿನ ಊರಿನವರು ಬಟ್ಟೆ ಒಗೆದು, ಪಾತ್ರೆ ತೊಳೆದು ಬಿಟ್ಟ ನೀರಿನ ಪಾಲು ಕೆಳಗಿನ ಊರಿನವರು ತೀರ್ಥವೆಂದು ತಲೆಗೆ ಹಾಕಿಕೊಳ್ಳುವ ನೀರಿನಲ್ಲಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಕರ್ನಾಟಕದ 17 ಕಲುಷಿತ ನದಿಭಾಗಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆಯೂ ಇತ್ತು. ಇದರ ಹೊಣೆಯನ್ನೆಲ್ಲ ಮನೆಯ ಹೆಂಗಸರ ಸೋಪಿನಪುಡಿಯ ಮೇಲೆ ಹಾಕುವುದು ಅನ್ಯಾಯ. ಕೈಗಾರಿಕೆ, ಊರಚರಂಡಿ, ಹೊಲಗದ್ದೆಯ ಗೊಬ್ಬರ–ಔಷಧಿ ಯಾವುದನ್ನೂ ಲೆಕ್ಕದಿಂದ ಬಿಡುವಂತಿಲ್ಲ. ಆದರೂ ಮನೆಯ ಪಾಲು ಇದೆ. ಐಐಟಿ ಮದ್ರಾಸಿನ ವಿಜ್ಞಾನಿಗಳು ಕಾವೇರಿಯ ನೀರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಔಷಧ, ಕೀಟನಾಶಕ, ಲೋಹಗಳ ಜೊತೆಗೆ ನಾವು ದಿನಾ ಮೈಗೆ ತಲೆಗೆ ಹಚ್ಚುವ ವಸ್ತುಗಳ ಉಳಿಕೆಯೂ ಕಾಣಿಸಿಕೊಂಡಿದೆ.

ನದಿಗೆ ಸೇರುವ ಮೊದಲೇ ಈ ವಸ್ತುಗಳು ನಮಗೆ ಏನು ಮಾಡುತ್ತವೆ ಎಂಬುದನ್ನು ಬಚ್ಚಲಲ್ಲೇ ನೋಡಬಹುದು. ಪಾಯಿಖಾನೆ ತೊಳೆಯುವ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವದಲ್ಲಿರುವುದು ಕ್ಲೋರಿನ್ ಕೂಡಿದ ಸಂಯುಕ್ತ. ಎರಡೂ ಒಟ್ಟಿಗೆ ಬಿದ್ದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ‘ಎರಡು ಹಾಕಿದರೆ ಇನ್ನೂ ಚೆನ್ನಾಗಿ ಹೋಗುತ್ತದೆ’ ಎಂದು ಬಾಗಿಲು ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತು ಉಜ್ಜುವವರಿಗೆ ಮೊದಲು ಕಣ್ಣು ಉರಿಯುತ್ತದೆ, ಆಮೇಲೆ ಕೆಮ್ಮು, ಎದೆ ಬಿಗಿತ. ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ 2018 ಮತ್ತು 2019ರಲ್ಲಿ ನುಗ್ಗಿದ್ದು ನೆನಪಿರಬೇಕು. ನೆರೆ ಇಳಿದ ಮೇಲೆ ಬ್ಲೀಚಿಂಗ್ ಪೌಡರ್ ಬೇಕೇ ಬೇಕು, ಅದರಿಂದ ಕಾಲರಾ–ಭೇದಿಯಂಥ ರೋಗ ತಪ್ಪುತ್ತದೆ. ಆದರೆ ಪುಡಿ ಎರಚಿದ ಜಾಗಕ್ಕೆ ಆಸಿಡ್ ಸುರಿಯಲೇಬಾರದು. ಇನ್ನು ಹಳೆಯ ನೀರಿನ ಬಾಟಲಿಗೆ ಸುರಿದು ಕೊಡುವ ಬಿಡಿ ಆಸಿಡ್. ಮನೆಗೆ ಓಡಿಬಂದ ಮಗು ಬಾಯಾರಿ ಎತ್ತಿ ಕುಡಿಯುವುದು ಆ ಬಾಟಲಿಯನ್ನೇ. ಸುಪ್ರೀಂ ಕೋರ್ಟ್ 2013ರಲ್ಲೇ ಆಸಿಡ್‌ನ ಚಿಲ್ಲರೆ ಮಾರಾಟಕ್ಕೆ ಬಿಗಿ ಷರತ್ತು ಹಾಕಿದೆ. ಅಂಗಡಿಯವರು ಕೊಟ್ಟರೂ ನಾವು ತರಬಾರದು.

ಸೊಳ್ಳೆಯ ಮಾತು ಹೊಳೆದಂಡೆ, ಗದ್ದೆಬಯಲಿನವರಿಗೆ ಹೇಳಿಕೊಡಬೇಕಿಲ್ಲ. ಸೊಳ್ಳೆಬತ್ತಿಯ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು ಲೆಕ್ಕ ಹಾಕಿತು. ಬೀಡಿ ಮುಟ್ಟದ ಬಾಣಂತಿ, ಕೂಸು ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಅದನ್ನು ಉಸಿರಾಡುತ್ತಾರೆ. ಡೆಂಗಿಯ ಭಯ ನಿಜ, ಸೊಳ್ಳೆ ಕಚ್ಚಿಸಿಕೊಂಡು ಇರಿ ಎಂದು ಯಾರೂ ಹೇಳಲಾರರು. ಸೊಳ್ಳೆಪರದೆಗಿಂತ ಒಳ್ಳೆಯ ಸಾಧನ ಇನ್ನೂ ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಿಟಕಿಗೆ ಜಾಲರಿ ಹಾಕಿಸುವ ಖರ್ಚು ಒಂದು ಸಲದ್ದು.

ಟ್ರಂಕಿನಲ್ಲಿಡುವ ನುಸಿಗುಳಿಗೆ ನ್ಯಾಫ್ತಲೀನ್. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ನುಸಿಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆ ಹೊದಿಸಿದರೆ ಅಂಥ ಕೂಸಿನ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಆದ್ದರಿಂದ ಬಾಣಂತನಕ್ಕೆಂದು ತೆಗೆದ ಹಳೆಯ ಸೀರೆ, ಕುಲಾವಿಗಳನ್ನು ಒಗೆದು ಬಿಸಿಲಿಗೆ ಹಾಕದೆ ಬಳಸಬೇಡಿ. ಜಿರಲೆ ಓಡಿಸುವ ಸೀಮೆಸುಣ್ಣ ಮಕ್ಕಳ ಕಣ್ಣಿಗೆ ಬರೆಯುವ ಸೀಮೆಸುಣ್ಣವೇ. ತಿಗಣೆಗೆಂದು ಗದ್ದೆಗೆ ಹೊಡೆಯುವ ಔಷಧಿಯನ್ನು ಮಂಚಕ್ಕೆ ಸಿಂಪಡಿಸುವುದು, ಆ ಡಬ್ಬ ತೊಳೆದು ಎಣ್ಣೆ ತುಂಬಿಡುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಹಾಗೆಯೇ ನೀರೊಲೆ. ಕಟ್ಟಿಗೆ ಹೊತ್ತಿಕೊಳ್ಳಲೆಂದು ಪ್ಲಾಸ್ಟಿಕ್ ಕವರು, ಹರಿದ ಚಪ್ಪಲಿ ತುರುಕುತ್ತೇವೆ. ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುತ್ತದೆ. ಅದೇ ಒಲೆಯ ಬೂದಿಯಿಂದ ಪಾತ್ರೆ ಬೆಳಗಿದರೆ ಅಜ್ಜಿಯ ಕಾಲದ ಪದ್ಧತಿ ಎನ್ನಲು ಬರುವುದಿಲ್ಲ. ಸೌದೆ, ಸೋಗೆ ಮಾತ್ರ ಉರಿದ ಒಲೆಯ ಬೂದಿ ಜಿಡ್ಡು ತೆಗೆಯುತ್ತದೆ, ಏಕೆಂದರೆ ಅದರ ಕ್ಷಾರ ಎಣ್ಣೆಯೊಡನೆ ಸೇರಿ ಸಾಬೂನಿನಂತಾಗುತ್ತದೆ. ತಾಮ್ರದ ಕಿಲುಬಿಗೆ ಹುಣಸೆಹಣ್ಣು ಸಾಕು.

ಹಾಗಾದರೆ ಏನನ್ನು ಆರಿಸುವುದು? ಒಂದೆರಡು ದಾರಿ ಹೇಳಬಲ್ಲೆ. ಮೈಗೆ ಹಚ್ಚುವ ವಸ್ತುಗಳ ಮೇಲೆ ಒಳಗೇನಿದೆ ಎಂಬ ಪಟ್ಟಿ ಇರಲೇಬೇಕು. 2020ರ ಸೌಂದರ್ಯವರ್ಧಕಗಳ ನಿಯಮದಂತೆ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ‘ಅಲೋವೆರಾ’ ಎಂದು ದಪ್ಪಕ್ಷರದಲ್ಲಿ ಬರೆದ ಬಾಟಲಿಯ ಪಟ್ಟಿಯಲ್ಲಿ ಲೋಳೆಸರ ಕೊನೆಯಲ್ಲಿದ್ದರೆ ಅದು ಹೆಸರಿಗಷ್ಟೇ ಇದೆ ಎಂದರ್ಥ. ನೆಲ, ಪಾತ್ರೆ ತೊಳೆಯುವ ದ್ರವಗಳು ಈ ನಿಯಮದೊಳಗೆ ಬರುವುದಿಲ್ಲ. ಪಟ್ಟಿಯನ್ನು ತಾನಾಗಿ ಮುದ್ರಿಸುವ ಕಂಪನಿಯೇ ನನ್ನ ಮೊದಲ ಆಯ್ಕೆ. ಸ್ನಾನದ ಸೋಪಿನ ಮೇಲೆ ಟಿಎಫ್ಎಂ, ಅಂದರೆ ಒಟ್ಟು ಕೊಬ್ಬಿನಂಶದ ಅಂಕಿ ನೋಡಿ. ಶೇ 76ಕ್ಕಿಂತ ಕಡಿಮೆಯಿಲ್ಲದಿದ್ದರೆ ಅದು ಮೊದಲ ದರ್ಜೆ. ‘ಬೇತಿಂಗ್ ಬಾರ್’ ಎಂದಿದ್ದರೆ ಅದರ ಮಾನದಂಡವೇ ಬೇರೆ, ಸಾಬೂನಿನ ಅಂಶ ಕಡಿಮೆ. ‘ಕೀಟಾಣುನಾಶಕ’ ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಟ್ರೈಕ್ಲೋಸಾನ್ ಸೇರಿ 19 ವಸ್ತುಗಳು ಸಾದಾ ಸೋಪು–ನೀರಿಗಿಂತ ಮೇಲು ಎಂಬುದಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಅವನ್ನು ಕೈತೊಳೆಯುವ ಸೋಪುಗಳಿಂದ ಹೊರಗಿಟ್ಟಿತು. ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿದರೆ ಮನೆಯೆಲ್ಲ ಫಳಫಳ ಎನ್ನುವ ಮೊಬೈಲ್ ವಿಡಿಯೊಗಳನ್ನೂ ನಂಬಬೇಡಿ. ನೊರೆ ಉಕ್ಕುತ್ತದೆ ನಿಜ. ಆದರೆ ಆಮ್ಲ, ಕ್ಷಾರ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಬೇರೆ ಬೇರೆ ಬಳಸಿದರೆ ಎರಡೂ ಪ್ರಯೋಜನಕ್ಕೆ ಬರುತ್ತವೆ.

ಇನ್ನು ಅಂಟುವಾಳ. ಮೈಸೂರು ರೇಷ್ಮೆ ಸೀರೆಯ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಟಿ. ನರಸೀಪುರದಲ್ಲೇ ಇದೆ. ರೇಷ್ಮೆಯೆಂದರೆ ಪ್ರೋಟೀನಿನ ಎಳೆ. ಒಗೆಯುವ ಸೋಪಿನ ಕ್ಷಾರ ತಾಗಿದರೆ ಹೊಳಪು ಮಂಕಾಗುತ್ತದೆ. ಹಾಗಾಗಿಯೇ ಹಿಂದಿನವರು ರೇಷ್ಮೆಗೆ ಅಂಟುವಾಳದ ನೀರನ್ನು ಬಳಸುತ್ತಿದ್ದರು. ಕಾಯಿ ಒಡೆದು ಬೀಜ ತೆಗೆದು, ಎಂಟು ಹತ್ತು ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಕುದಿ ಬರಿಸಿ, ಆರಿದ ಮೇಲೆ ಕಿವುಚಿ ಸೋಸಬೇಕು. ಕಂದು ಬಣ್ಣದ ನೀರು, ಕೈಯಾಡಿಸಿದರೆ ಬಿಳಿ ನೊರೆ. ತೆಳು ಬಣ್ಣದ ಸೀರೆಗೆ ಕರೆ ಹಿಡಿಯದಂತೆ ಮೊದಲು ಸೆರಗಿನ ಮೂಲೆಯಲ್ಲಿ ನೋಡಿಕೊಳ್ಳಿ. ಎರಡು ದಿನಕ್ಕಿಂತ ಇಟ್ಟರೆ ಹುಳಿ ವಾಸನೆ ಬರುತ್ತದೆ. ಒಡವೆಗೂ, ಉಣ್ಣೆಗೂ ಆಗುತ್ತದೆ. ಕಣ್ಣಿಗೆ ಬಿದ್ದರೆ ಮಾತ್ರ ಉರಿ ತಡೆಯಲಾಗದು. ಇದರ ಸಪೋನಿನ್ ಮೀನಿಗೂ ವಿಷ. ನಿಂತ ನೀರಿನಲ್ಲಿ ಮೀನು ಹಿಡಿಯಲು ಇದನ್ನು ಅರೆದು ಹಾಕುವ ರೂಢಿ ಹಲವು ಕಡೆ ಇತ್ತು. ಗಿಡದಿಂದ ಬಂದದ್ದೆಂದು ಕೆರೆಗೆ ನೇರ ಚೆಲ್ಲದೆ, ಬಾಳೆಯ ಬುಡದಂಥ ಮಣ್ಣಿಗೆ ಬಿಟ್ಟರೆ ಅಲ್ಲೇ ಕೊಳೆತು ಕರಗುತ್ತದೆ. ತಲೆಗೆ ಸೀಗೆಪುಡಿ, ಚಿಗರೆಪುಡಿ ಇಂದಿಗೂ ಮೈಸೂರು ಸೀಮೆಯ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತವೆ. ದಿನನಿತ್ಯ ಅಲ್ಲದಿದ್ದರೂ ಎಣ್ಣೆಸ್ನಾನದ ದಿನಕ್ಕೆ ಅವಕ್ಕೆ ಸಾಟಿಯಿಲ್ಲ.

ಬಾಟಲಿ ಬದಲಿಸುವುದಕ್ಕಿಂತ ಬಾಟಲಿಗಳನ್ನು ಕಡಿಮೆ ಮಾಡುವುದು ದೊಡ್ಡ ಕೆಲಸ. ನೆಲಕ್ಕೆ, ಗೋಡೆಗೆ, ಸಿಂಕಿಗೆ ಬೇರೆ ಬೇರೆ ದ್ರವ ಬೇಕೆಂದು ನಮಗೆ ಕಲಿಸಿದ್ದು ಜಾಹೀರಾತು. ಒಂದು ಸಾದಾ ಸೋಪು, ಸ್ವಲ್ಪ ಅಡುಗೆ ಸೋಡಾ, ಬಿಸಿನೀರು, ಉಜ್ಜುವ ಕೈ ಇದ್ದರೆ ಬಹುತೇಕ ಮನೆಗೆಲಸ ಮುಗಿಯುತ್ತದೆ. ಆ ಕೈ ಗಂಡಸಿನದೂ ಆಗಿರಲಿ. ಕಡುದ್ರವಗಳ ಮೊರೆ ಹೋಗುವುದಕ್ಕೆ ಒಬ್ಬಳ ಮೇಲೇ ಬೀಳುವ ಹೊರೆಯೂ ಒಂದು ಕಾರಣ.

ತೀರ್ಥಕ್ಷೇತ್ರಗಳಲ್ಲಿ ನದಿ, ಕೆರೆ, ಕಲ್ಯಾಣಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ತಡೆಯಲು ಪರಿಸರ ಸಚಿವ ಈಶ್ವರ ಖಂಡ್ರೆ 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದ್ದಾರೆ. ಮಿಂದ ಬಟ್ಟೆಯನ್ನು ನೀರಲ್ಲೇ ಬಿಟ್ಟುಹೋಗುವುದನ್ನೂ ನಿಲ್ಲಿಸಬೇಕೆಂದಿದ್ದಾರೆ. ಸರಿಯಾದ ಮಾತು. ಅಂಗಡಿಯಲ್ಲಿ ಸಿಗದಿದ್ದರೆ ಮನೆಯಿಂದ ಪೊಟ್ಟಣ ತರುವವರನ್ನು ಯಾವ ಸೂಚನೆಯೂ ತಡೆಯಲಾರದು. ಅದನ್ನು ನಾವೇ ಮಾಡಬೇಕು. ನಂಜನಗೂಡಿನ ಶ್ರೀಕಂಠೇಶ್ವರನ ದರ್ಶನಕ್ಕೆ ಹೊರಡುವ ದಿನ, ಸಂಗಮದಲ್ಲಿ ಮುಳುಗು ಹಾಕಲು ಹೊರಡುವ ದಿನ, ದಯವಿಟ್ಟು ಸೋಪು, ಶಾಂಪೂವನ್ನು ಮನೆಯಲ್ಲೇ ಬಿಟ್ಟು ಬನ್ನಿ.