ಹೊಸತೊಡಕಿನ ಗುಡ್ಡೆ: ಸೂಲಿಬೆಲೆಯಲ್ಲಿ ಪಾಲು ಮಾಡುವ ಕ್ರಮ

ಯುಗಾದಿ ಸಮೀಪಿಸುತ್ತಿದೆ. ಹಬ್ಬದ ಮಾರನೆಯ ದಿನ, ಹೊಸತೊಡಕಿಗೆ, ತೋಟದ ಕಾರ್ಮಿಕರಿಗೆ ಮಾಂಸ ಹಂಚುವ ರೂಢಿ ನಮ್ಮ ಸಂಘದ ಹಲವು ಸದಸ್ಯರ ತೋಟಗಳಲ್ಲಿದೆ. ಕಳೆದ ವರ್ಷ ಒಂದು ತೋಟದಲ್ಲಿ ಈ ಹಂಚಿಕೆಯಿಂದಲೇ ಮನಸ್ತಾಪವಾಯಿತು. ಮೇಸ್ತ್ರಿಗೂ ಅವನ ಕಡೆಯವರಿಗೂ ತೊಡೆಯ ಮಾಂಸ ಹೋಯಿತು. ಲೈನಿನ ಕೊನೆಯ ಮನೆಗಳ ಹೆಂಗಸರ ಪಾಲಿಗೆ ಪಕ್ಕೆಮೂಳೆ, ಕುತ್ತಿಗೆ, ಒಂದಿಷ್ಟು ಕೊಬ್ಬು. ತೂಕದಲ್ಲಿ ಮಾತ್ರ ಯಾರಿಗೂ ಮೋಸವಾಗಿರಲಿಲ್ಲ. ತಕ್ಕಡಿ ಹಿಡಿದೇ ಕೊಟ್ಟಿದ್ದರು. ಮೂರು ದಿನ ಆರು ಮಂದಿ ಕೆಲಸಕ್ಕೆ ಬರಲಿಲ್ಲ. ಕೊಟ್ಟೂ ಕೆಟ್ಟವರಾದೆವಲ್ಲಾ ಎಂದು ಆ ತೋಟದ ಯಜಮಾನರು ಸಂಘದ ಕಚೇರಿಯಲ್ಲಿ ಕುಳಿತು ನೊಂದುಕೊಂಡರು. ಈ ಲೇಖನಕ್ಕೆ ಅದೇ ಕಾರಣ. ಮಾಂಸ ಮುಟ್ಟದ ಸದಸ್ಯ ಬಾಂಧವರು ನೇರವಾಗಿ ಅಡಿಕೆ ಧಾರಣೆಯ ಪುಟಕ್ಕೆ ಹೋಗಬಹುದು. ವಿಷಯ ಪಾಲಿನದಾದ್ದರಿಂದ ಓದಿದರೂ ನಷ್ಟವೇನಿಲ್ಲ.

ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿರುವ ಸೂಲಿಬೆಲೆ ನಮಗೆ ನೆಂಟಸ್ತಿಕೆಯ ಊರು. ಅದು ರಾಗಿ, ರೇಷ್ಮೆ, ತರಕಾರಿಯ ಸೀಮೆ. ಕಾಫಿ ಅಲ್ಲಿ ಲೋಟದಲ್ಲಿ ಮಾತ್ರ. ಆದರೆ ಬಾಡನ್ನು ಪಾಲು ಮಾಡುವ ವಿದ್ಯೆಯಲ್ಲಿ ಆ ಕಡೆಯವರಿಂದ ಮಲೆನಾಡಿನವರಾದ ನಾವು ಕಲಿಯುವುದಿದೆ. ಹೊಸಕೋಟೆ ಎಂದೊಡನೆ ಈಚೆಗೆ ಎಲ್ಲರೂ ನಸುಕಿನಲ್ಲೇ ಸಾಲು ನಿಲ್ಲುವ ಬಿರಿಯಾನಿಯ ಮಾತೆತ್ತುತ್ತಾರೆ. ನಾವು ಹೇಳಹೊರಟಿರುವುದು ಅದಲ್ಲ, ಗುಡ್ಡೆ ಮಾಂಸದ ವಿಚಾರ.

ಗುಡ್ಡೆಯ ಹಿಂದೆ ಒಂದು ಚೀಟಿ ಇರುತ್ತದೆ. ಒಂದು ಹಬ್ಬ ಕಳೆದ ಮೇಲೆ ಹದಿನೈದಿಪ್ಪತ್ತು ಮನೆಯವರು ಸೇರಿ ತಿಂಗಳಿಗಿಷ್ಟೆಂದು ಹಣ ಕಟ್ಟುತ್ತಾ ಬರುತ್ತಾರೆ. ಮುಂದಿನ ಹೊಸತೊಡಕಿಗೆ ಆ ಹಣದಿಂದ ಕುರಿ ತರುತ್ತಾರೆ. ಅಂಗಡಿಯವನ ಲಾಭವಿಲ್ಲ, ಹಬ್ಬದ ದಿನದ ಏರುಬೆಲೆಯ ಕಾಟವಿಲ್ಲ, ಯಾವ ಕುರಿಯ ಮಾಂಸವೆಂಬ ಅನುಮಾನವಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆಯನ್ನು ಪ್ರತಿ ನವೆಂಬರಿನ ಸಹಕಾರ ಸಪ್ತಾಹದಲ್ಲಿ ನಾವು ತಪ್ಪದೆ ಹೇಳುತ್ತೇವೆ. ಈ ಚೀಟಿಯೂ ಅದೇ ಜಾತಿಯದು. ರಿಜಿಸ್ಟ್ರಾರರಿಲ್ಲ, ಆಡಿಟ್ ಇಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ.

ಕುರಿ ಕೊಳ್ಳುವಾಗ ಜೀವಂತವಾಗಿ, ನಡೆದಾಡುತ್ತಾ, ಮೇವು ಮೆಲ್ಲುತ್ತಾ ಇರುವುದನ್ನು ಕಣ್ಣಾರೆ ನೋಡಿ ಕೊಳ್ಳಬೇಕು. ಮೂಗು ಬಾಯಿ ಸೋರುವ, ಭೇದಿಯಾಗುವ ಕುರಿ ಎಷ್ಟು ಅಗ್ಗವಾದರೂ ಬೇಡ. ತಾನಾಗಿ ಸತ್ತ ಪ್ರಾಣಿಯನ್ನಂತೂ ಕೊಯ್ಯಲೇಕೂಡದು. ನೆರಡಿ ಎಂದು ಕರೆಯುವ ಅಂಥ್ರಾಕ್ಸ್ ರೋಗ ಕುರಿಯಿಂದ ಮನುಷ್ಯರಿಗೂ ಬರುತ್ತದೆ, ಕೊಯ್ದ ಕೈಗೇ ಮೊದಲು ತಗಲುತ್ತದೆ. 25 ಕಿಲೋ ತೂಗುವ ಕುರಿಯಲ್ಲಿ ಸುಮಾರು 12 ಕಿಲೋ ಮಾಂಸ ಸಿಗುತ್ತದೆಂದು ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ನಲವತ್ತು ಮನೆಯ ತೋಟಕ್ಕೆ ಅಂಥ ಮೂರು ಕುರಿ ತಂದರೆ ಮನೆಗೆ 900 ಗ್ರಾಂ ಬೀಳುತ್ತದೆ.

ಇನ್ನು ಕಡಿಯುವ ಕ್ರಮ. ಬೆಳಕು ಹರಿಯುವ ಮುಂಚೆಯೇ ಕೊಯ್ದು, ಮರದ ಕೊಂಬೆಗೆ ತೂಗುಹಾಕಿ ಚರ್ಮ ಸುಲಿಯುತ್ತಾರೆ. ಆ ತರುವಾಯ ಸೂಲಿಬೆಲೆಯವರು ಮಾಡುವುದನ್ನು ನಮ್ಮ ತೋಟಗಳಲ್ಲಿ ಮಾಡುತ್ತಿಲ್ಲ. ಅವರು ಮಾಂಸವನ್ನು ಕಡಿಕಡಿದು ಒಂದೇ ರಾಶಿಗೆ ಎಸೆಯುವುದಿಲ್ಲ. ತೊಡೆ ಒಂದು ಕಡೆ, ಮುಂಗಾಲು ಒಂದು ಕಡೆ, ಪಕ್ಕೆ, ಬೆನ್ನು, ಕುತ್ತಿಗೆ ಬೇರೆ ಬೇರೆ ಕಡೆ. ಮೂರು ಕುರಿಯಾದರೆ ಮೂರರ ತೊಡೆಯೂ ಒಟ್ಟಿಗೆ, ಮೂರರ ಪಕ್ಕೆಯೂ ಒಟ್ಟಿಗೆ. ಕೊಬ್ಬಿದ ಕುರಿ ಒಬ್ಬರಿಗೆ, ಬಡಕಲು ಕುರಿ ಇನ್ನೊಬ್ಬರಿಗೆ ಆಗಬಾರದು. ಲಿವರ್, ಗುಂಡಿಗೆಗಳನ್ನು ಎಷ್ಟು ಮನೆಯೋ ಅಷ್ಟು ಚೂರು ಮಾಡುತ್ತಾರೆ, ಚೂರು ಹೆಬ್ಬೆರಳಿನಷ್ಟಾದರೂ ಚಿಂತೆಯಿಲ್ಲ. ಬೋಟಿಯನ್ನು ಬಿಸಿನೀರು, ಸುಣ್ಣ ಹಾಕಿ ತೊಳೆದು ಅದನ್ನೂ ಪಾಲು ಮಾಡುತ್ತಾರೆ. ತಲೆ, ಕಾಲುಗಳನ್ನು ಪಾಲಿಗೆ ಸೇರಿಸದೆ ಅಲ್ಲೇ ಹರಾಜು ಕೂಗಿ ಬಂದ ಹಣವನ್ನು ಚೀಟಿಗೆ ಜಮಾ ಮಾಡುವುದನ್ನು ನಾವು ಕಂಡಿದ್ದೇವೆ.

ಬಳಿಕ ಬಾಳೆಎಲೆಗಳನ್ನು ಸಾಲಾಗಿ ಹಾಸಿ, ಒಂದೊಂದು ರಾಶಿಯಿಂದಲೂ ಒಂದೊಂದು ಹಿಡಿ ಪ್ರತಿ ಎಲೆಗೆ ಹಾಕುತ್ತಾ ಹೋಗುತ್ತಾರೆ. ಎಲೆಯ ಮೇಲೆ ಗುಡ್ಡೆ ಏಳುತ್ತದೆ. ತಕ್ಕಡಿ ಇಲ್ಲ. ಊರಿನ ಹಿರಿಯರೊಬ್ಬರು ಸಾಲಿನುದ್ದಕ್ಕೂ ನಡೆಯುತ್ತಾ, ಇಲ್ಲಿಂದ ಒಂದು ತುಂಡು ಅಲ್ಲಿಗೆ, ಅಲ್ಲಿಂದ ಒಂದು ಮೂಳೆ ಇಲ್ಲಿಗೆ ಬದಲಿಸುತ್ತಾರೆ. "ಗೌಡ್ರೇ, ಈ ಗುಡ್ಡೆ ಬರೀ ಮೂಳೆ ಐತೆ" ಎಂದು ಯಾರಾದರೂ ಕೂಗಿದರೆ ಕೋಪಿಸಿಕೊಳ್ಳುವಂತಿಲ್ಲ, ಸರಿಮಾಡಲೇಬೇಕು. ನಲ್ಲಿಮೂಳೆ ಎಲ್ಲರಿಗೂ ಸಾಲದು. ಅದು ಬಿದ್ದ ಗುಡ್ಡೆಯಿಂದ ಒಂದು ಮೆತ್ತನೆಯ ತುಂಡು ತೆಗೆದು ಪಕ್ಕದ್ದಕ್ಕೆ ಹಾಕುತ್ತಾರೆ.

ಎಲ್ಲರೂ ಒಪ್ಪಿದ ಮೇಲೆ ಒಬ್ಬ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಹಿರಿಯರು ಒಂದು ಗುಡ್ಡೆಯನ್ನು ಕೋಲಿನಿಂದ ತೋರಿಸಿ "ಇದ್ಯಾರಿಗ್ಲಾ?" ಎನ್ನುತ್ತಾರೆ. ಹುಡುಗ ನೋಡದೆಯೇ ಒಂದು ಮನೆಯ ಹೆಸರು ಹೇಳುತ್ತಾನೆ. ಕಡಿದವನಿಗೂ ಪಾಲು ಮಾಡಿದವರಿಗೂ ಕೊನೆಗೆ ಉಳಿದ ಗುಡ್ಡೆಗಳು. ಯಾವ ಗುಡ್ಡೆ ತನಗೆ ಉಳಿಯುವುದೋ ತಿಳಿಯದಿರುವಾಗ ಮಚ್ಚು ಹಿಡಿದವನು ಎಲ್ಲ ಗುಡ್ಡೆಯನ್ನೂ ತನ್ನದೆಂದೇ ಕಟ್ಟುತ್ತಾನೆ.

ಹೀಗೆ ಎಲ್ಲರ ಕಣ್ಣೆದುರು ಪಾಲು ಮಾಡುವ ಪದ್ಧತಿ ಹೊರದೇಶದಲ್ಲೂ ಇದೆ. ಅಮೆರಿಕದಲ್ಲಿ ನೌಕರಿಯಲ್ಲಿರುವ ನಮ್ಮ ಸದಸ್ಯರ ಮಕ್ಕಳು ನವೆಂಬರಿನ ನಾಲ್ಕನೆಯ ಗುರುವಾರ ಟರ್ಕಿ ಕೋಳಿಯ ಊಟಕ್ಕೆ ಹೋಗಿಬಂದು ಹೇಳುತ್ತಾರೆ. ಟರ್ಕಿ ಮೂಲತಃ ಮೆಕ್ಸಿಕೋ ಕಡೆಯ ಹಕ್ಕಿ. ನಮ್ಮ ದೇಶಕ್ಕೂ ಹೊಸದೇನಲ್ಲ. 1612ರಲ್ಲಿ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ಬಂದು, ಮನ್ಸೂರನೆಂಬ ಚಿತ್ರಕಾರನಿಂದ ಚಿತ್ರ ಬರೆಸಿಕೊಂಡಿದೆ. ಅಲ್ಲಿ ಹಕ್ಕಿಯನ್ನು ಇಡಿಯಾಗಿ ಒಲೆಯಲ್ಲಿ ಬೇಯಿಸಿ, ಒಳಮಾಂಸ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಹೊರತೆಗೆದು, ಅರ್ಧ ಗಂಟೆ ಹಾಗೆಯೇ ಬಿಡುತ್ತಾರೆ. ತಕ್ಷಣ ಕತ್ತರಿಸಿದರೆ ರಸವೆಲ್ಲ ಸೋರಿ ಮಾಂಸ ಒಣಗುತ್ತದೆ. ಅನಂತರ ನೆಂಟರ ಮುಂದೆಯೇ ಮನೆಯ ಯಜಮಾನ ಕಾಲನ್ನು ಕೀಲಿನಲ್ಲಿ ಬಿಡಿಸಿ, ಎದೆಯ ಮಾಂಸವನ್ನು ಎಳೆಗೆ ಅಡ್ಡವಾಗಿ ತೆಳ್ಳಗೆ ಹೆರೆದು, ಎದೆಯ ಬಿಳಿ ಮಾಂಸ, ತೊಡೆಯ ಕಂದು ಮಾಂಸ ಎರಡನ್ನೂ ತಟ್ಟೆ ತಟ್ಟೆಗೆ ಇಡುತ್ತಾನೆ. ಎಳೆಗೆ ಅಡ್ಡ ಕೊಯ್ದರೆ ಹಲ್ಲಿಗೆ ಮೆದು ಎಂಬುದು ಕುರಿಗೂ ಅನ್ವಯಿಸುತ್ತದೆ. ನಮ್ಮ ಕಡೆ ಕಡಿಯುವವರು ಇದನ್ನು ಗಮನಿಸುವುದು ಕಡಿಮೆ. ನಮ್ಮ ತೋಟಗಳ ತೊಂದರೆ ಇನ್ನೊಂದಿದೆ. ಮಾಂಸವನ್ನು ಬಂಗಲೆಯ ಹಿಂದೆ ಯಾರೋ ನಾಲ್ಕು ಜನ ಕಡಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಸ್ತ್ರಿಯ ಕೈಗೆ ಕೊಡುತ್ತೇವೆ. ಚೀಲದೊಳಗೆ ಏನಿದೆಯೆಂದು ಮನೆಗೆ ಹೋದ ಮೇಲೆಯೇ ಗೊತ್ತಾಗುವುದು.

ಗುಡ್ಡೆ ಮನೆಗೆ ಬಂದ ಮೇಲೆ ಇನ್ನೊಂದು ಪಾಲು ಸೌಟಿನಲ್ಲಿ ನಡೆಯುತ್ತದೆ. ಸೂಲಿಬೆಲೆಯ ನೆಂಟರ ಮನೆಯಲ್ಲಿ ಅಂದು ಮಧ್ಯಾಹ್ನ ಇಪ್ಪತ್ತೈದು ಎಲೆಗೆ ಕಡಿಮೆಯಿಲ್ಲ. ಮುದ್ದೆ, ಸಾರು, ಬೋಟಿ ಗೊಜ್ಜು, ಈರುಳ್ಳಿ, ನಿಂಬೆಹೋಳು. ಬಡಿಸುವ ಅತ್ತೆಯವರು ಪ್ರತಿ ಎಲೆಗೂ ಸೌಟನ್ನು ತಳಕ್ಕೆ ಇಳಿಸಿ ಒಮ್ಮೆ ತಿರುವಿಯೇ ಎತ್ತುತ್ತಾರೆ. ಒಂದು ಮೂಳೆಯ ತುಂಡು, ಎರಡು ಮೆತ್ತನೆಯ ತುಂಡು. ಹಲ್ಲಿಲ್ಲದ ಹಿರಿಯರಿಗೆ ಲಿವರ್, ಮಕ್ಕಳಿಗೆ ಮೂಳೆಯಿಲ್ಲದ್ದು, ಹೊಸ ಅಳಿಯನಿಗೆ ನಲ್ಲಿಮೂಳೆ. ಈ ಕೊನೆಯ ಪಕ್ಷಪಾತಕ್ಕೆ ಯಾರ ಆಕ್ಷೇಪಣೆಯೂ ಇರುವುದಿಲ್ಲ.

ಈಗ ತೋಟಗಳಲ್ಲಿ ಅಸ್ಸಾಂ ಕಡೆಯ ಕುಟುಂಬಗಳೂ ಇವೆ. ಹಲಾಲ್ ಅಲ್ಲದ್ದನ್ನು ಮುಟ್ಟದವರು, ಕುರಿಯನ್ನೇ ಒಲ್ಲದವರು ಇರುತ್ತಾರೆ. ವಾರ ಮುಂಚೆ ಮನೆಮನೆಗೆ ಕೇಳಿ ತಿಳಿದುಕೊಂಡು, ಬೇಡವೆಂದವರಿಗೆ ಅಷ್ಟೇ ಬೆಲೆಯ ಎಣ್ಣೆ, ಬೆಲ್ಲ, ಬೇಳೆ ಕೊಡುವುದು ಒಳ್ಳೆಯದು. ಚೈತ್ರದ ಬಿಸಿಲಿಗೆ ಹಸಿಮಾಂಸ ಬಹಳ ಹೊತ್ತು ತಡೆಯದು. ಬೆಳಿಗ್ಗೆ ಎಂಟರೊಳಗೆ ಗುಡ್ಡೆಗಳು ಮನೆ ಸೇರಿರಬೇಕು.

ಸಂಘದ ಮೂಲಕ ಒಟ್ಟಾಗಿ ಕುರಿ ಕೊಳ್ಳಬಯಸುವ ಸದಸ್ಯರು ಯುಗಾದಿಗೆ ಹದಿನೈದು ದಿನ ಮುಂಚಿತವಾಗಿ ಮನೆಗಳ ಸಂಖ್ಯೆಯನ್ನು ಕಚೇರಿಗೆ ತಿಳಿಸಬೇಕು. ಬಾಳೆಎಲೆ ಅವರವರ ತೋಟದ್ದೇ.